ಅವನು ಇನ್ನೂ ಮುಗಿಸಿಲ್ಲ

ನವೆಂಬರ್ 4, ಮಂಗಳವಾರ. ಮಡಕಶಿರ, ಸಂಜೆ

ಮೂವರು ಬರಬೇಕಿತ್ತು, ಇಬ್ಬರು ಬಂದರು. ಅಮರಾಪುರದ ಭವ್ಯಾ ಎಂದಿನಂತೆ ಮೊದಲ ಬಸ್ಸಿಗೇ ಬಂದು, ನಾನು ಸ್ಪೀಚ್ ಥೆರಪಿ ಸೆಂಟರ್ ಬೀಗ ತೆಗೆಯುವ ಮುಂಚೆಯೇ ಕಟ್ಟೆಯ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದಳು. ಮಾತು ಕಡಿಮೆ, ಸಿಪ್ಪೆ ಜಾಸ್ತಿ. ಇನ್ನೊಬ್ಬ ಬಾಗಿಲಲ್ಲೇ ನಿಂತು ‘ಜ್ವರ’ ಎಂದು ಸನ್ನೆ ಮಾಡಿ ಹೋದ. ಜ್ವರ ಬಂದವನು ಅಷ್ಟು ಜೋರಾಗಿ ಸೈಕಲ್ ತುಳಿಯುವುದಿಲ್ಲ. ಇರಲಿ.

ಕಿರಣ್ ಕುಮಾರ್ ಬರಲೇ ಇಲ್ಲ. ಹೋದ ಗುರುವಾರವೂ ಇಲ್ಲ. ಕಾಲೇಜಿನಲ್ಲಿ ಇಂಟರ್ ಮೊದಲ ವರ್ಷ, ಅಗಳಿ ಕಡೆಯ ಹಳ್ಳಿ. ಒಂದು ವಾರವೂ ತಪ್ಪಿಸಿದವನಲ್ಲ. ಫೋನೆಂದರೆ ಅವನಿಗೆ ಹಾವು ಕಂಡಷ್ಟು ಭಯ, ಅವರಪ್ಪನೇ ಎತ್ತುತ್ತಿದ್ದರು. ಈಗ ಅವರೂ ಎತ್ತುತ್ತಿಲ್ಲ.

ನನ್ನ ರಿಸರ್ಚ್‌ಗೆ ಇಂಗ್ಲಿಷಿನಲ್ಲಿ ಎರಡು ಸಾಲಿನ ಹೆಸರಿದೆ. ಕನ್ನಡದಲ್ಲಿ ಇಷ್ಟೇ — ಉಗ್ಗುವ ಹದಿಹರೆಯದ ಮಕ್ಕಳು ತಮ್ಮನ್ನು ತಾವು ಯಾರೆಂದುಕೊಂಡಿದ್ದಾರೆ? ಅಷ್ಟೂ ಮಕ್ಕಳಲ್ಲಿ ಈ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಟ್ಟವನು ಇವನೊಬ್ಬ. ‘ಅರ್ಧ ನಾನು ಹೇಳ್ತೀನಿ ಮೇಡಂ, ಮಿಕ್ಕಿದ್ದು ಊರೋರೇ ಹೇಳ್ಕಂತಾರೆ’ ಅಂದಿದ್ದ. ಅದನ್ನು ಹೇಳಿ ಮುಗಿಸುವಷ್ಟರಲ್ಲಿ ನನ್ನ ಕಾಫಿ ಆರಿತ್ತು.

ಇವನ ಉಗ್ಗು ಕಿವಿಗೆ ಕೇಳುವಂಥದ್ದಲ್ಲ, ಕಣ್ಣಿಗೆ ಕಾಣುವಂಥದ್ದು. ಬಾಯಿ ತೆರೆದಿರುತ್ತದೆ, ಕತ್ತಿನ ನರ ಉಬ್ಬಿರುತ್ತದೆ, ದನಿ ಮಾತ್ರ ಇಲ್ಲ. ನಾವು ಬ್ಲಾಕ್ ಅನ್ನುತ್ತೇವೆ. ಅವನ ತಾಯಿ ‘ಗಂಟ್ಲು ಕಟ್ಟೋದು’ ಅನ್ನುತ್ತಾರೆ. ತಾಯಿಯ ಮಾತೇ ಸರಿ.

ಈ ತಿಂಗಳು ಇಂಟರ್‌ವ್ಯೂ ಮುಗಿಯದಿದ್ದರೆ ಮೈಸೂರಿನ ಗೈಡ್ ಮೇಡಂ ನನ್ನನ್ನು ಹುರಿದು ತಿನ್ನುತ್ತಾರೆ.

ನವೆಂಬರ್ 6, ಗುರುವಾರ

ವಿಷಯ ಗೊತ್ತಾಯಿತು. ಸುಜಾತಾ ಹೇಳಿದಳು. ಸೆಂಟರ್‌ನಲ್ಲಿ ನನ್ನ ಜೊತೆ ಕೆಲಸ ಮಾಡುವ ಟೀಚರ್ ಅವಳು, ಕಿರಣ್‌ನ ಪಕ್ಕದೂರಿನವಳು. ಹೋದ ವಾರ ಅವರೂರಿನ ಜುಂಜಮ್ಮ ಅನ್ನುವ ಮುದುಕಿ ಸಂಜೆ ಕುರಿ ಹೊಡೆದುಕೊಂಡು ಬರುವಾಗ ತಿರುವಿನಲ್ಲಿ ಬೈಕ್ ಬಡಿದಿದೆ. ಸೊಂಟದ ಮೂಳೆ ಮುರಿದು ಆಸ್ಪತ್ರೆಯಲ್ಲಿದ್ದಾಳೆ. ಬೈಕಿನವನು ನಿಲ್ಲಿಸಲಿಲ್ಲ. ಜನ ಸೇರುವಾಗ ಅಲ್ಲಿದ್ದವನು ಕಿರಣ್ ಒಬ್ಬನೇ, ಮುದುಕಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದನಂತೆ. ಯಾರು ಅಂತ ಕೇಳಿದ್ದಕ್ಕೆ ಇಡೀ ಊರಿನ ಎದುರು ಹೇಳಿದನಂತೆ — ರಾಮಾಂಜಿನೇಯ ಅಂತ. ಬೈಕಿಗೆ ಹಾಲಿನ ಕ್ಯಾನ್ ಕಟ್ಟಿಕೊಂಡು ಅದೇ ದಾರಿಯಲ್ಲಿ ದಿನಾ ಹಾರಿಸಿಕೊಂಡು ಹೋಗುವವನು. ಕೇಸಾಗಿದೆ. ಅವನ ಬೈಕನ್ನು ಸ್ಟೇಷನ್‌ಗೆ ತಂದಿಟ್ಟುಕೊಂಡಿದ್ದಾರೆ, ಹಾಲಿನ ಕೆಲಸ ನಿಂತಿದೆ.

ಮುದುಕಿಯ ಬಗ್ಗೆ ಅಯ್ಯೋ ಅನಿಸಿತು, ನಿಜ. ಆದರೆ ಅದಕ್ಕಿಂತ ಮೊದಲು ಅನಿಸಿದ್ದು ಬೇರೆ. ಕಿರಣ್ ಹೆಸರು ಹೇಳಿದನೇ! ಅಷ್ಟು ಜನರ ಎದುರು! ಸುಜಾತಾಗೆ ಟೀ ಕೊಡಿಸಿದೆ. ಮನಸ್ಸಿನಲ್ಲೇ ಥೀಸಿಸ್‌ಗೆ ಒಂದು ಪ್ಯಾರಾ ಕೂಡ ಬರೆದುಕೊಂಡೆ.

ನವೆಂಬರ್ 8, ಶನಿವಾರ

ರಜೆ. ಅಗಳಿಯವರೆಗೆ ಬಸ್, ಅಲ್ಲಿಂದ ಆಟೋ. ಅವನ ಮನೆಗೇ ಹೋದೆ.

ಹುಳುಮನೆಯಲ್ಲಿದ್ದ. ರೇಷ್ಮೆಹುಳುಗಳಿಗೆ ಸೊಪ್ಪು ಹಾಕುತ್ತಿದ್ದ. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಕಳಚಿದ ಹುಳು, ತಿನ್ನುವ ಸದ್ದು ಜಿಟಿಜಿಟಿ ಮಳೆಯ ಹಾಗೆ. ನನ್ನನ್ನು ನೋಡಿದವನೇ ಮತ್ತೆ ತಟ್ಟೆಯ ಕಡೆ ಬಗ್ಗಿದ. ಶಭಾಷ್ ಅಂದೆ. ಹೆಸರು ಹೇಳುವಾಗ ತುಂಬಾ ಕಷ್ಟವಾಯಿತಾ ಅಂದೆ. ಹೂಂ ಅನ್ನುವ ಹಾಗೆ ತಲೆ ಆಡಿಸಿದ. ಆದರೂ ಬಿಡದೆ ಹೇಳಿದೆಯಲ್ಲ ಅಂದೆ. ತಲೆ ಆಡಿಸಿದ. ಈಗ ಧೈರ್ಯ ಬಂದಿದೆಯಾ? ಅದಕ್ಕೂ ಆಡಿಸಿದ. ಒಂದು ಅಕ್ಷರ ಹೊರಗೆ ಬರಲಿಲ್ಲ. ಮೊದಲಿಗಿಂತ ಕೆಟ್ಟಿದೆ — ದವಡೆ ಬಿಗಿದಿದೆ, ಕಣ್ಣು ಕೆಳಗೆ.

ಅವನ ತಂದೆ ಗಂಗಾಧರಪ್ಪ ಬಾಗಿಲಿಗೆ ಬಂದು ನಿಂತರು. ಪರೀಕ್ಷೆ ಹತ್ತಿರ, ಸದ್ಯಕ್ಕೆ ಸೆಂಟರ್‌ಗೆ ಕಳಿಸುವುದಿಲ್ಲ ಅಂದರು. ತಾಯಿ ಸರ್ವಮಂಗಳಮ್ಮ ಕಾಫಿ ಕೊಟ್ಟರು, ಎದುರು ಕೂರಲಿಲ್ಲ. ಹೊರಡುವಾಗ ಅಗಳಿವರೆಗೆ ಬೈಕಿನಲ್ಲಿ ಬಿಡುತ್ತೀರಾ ಎಂದು ಕೇಳಿದೆ. ಗಾಡಿ ರಿಪೇರಿಗೆ ಬಿಟ್ಟಿದೆಯಂತೆ. ಬಿಸಿಲಲ್ಲಿ ನಡೆದೆ. ಏನೋ ಸರಿಯಿಲ್ಲ.

ನವೆಂಬರ್ 10, ಸೋಮವಾರ

ಮಧ್ಯಾಹ್ನ ಒಬ್ಬ ಹೆಂಗಸು ಬಂದಳು. ಸೊಂಟದ ಮೇಲೆ ಮಗು. ಹೆಸರು ನಾಗವೇಣಿ, ರಾಮಾಂಜಿನೇಯನ ಹೆಂಡತಿ. ಜಗಳಕ್ಕೆ ಬಂದಳು ಅಂದುಕೊಂಡೆ. ಜಗಳವಲ್ಲ. ನೆಲದ ಮೇಲೆ ಕೂತು ನಿಧಾನವಾಗಿ ಹೇಳಿದಳು.

ಅವತ್ತು ಆ ಜನರ ಗುಂಪಿನಲ್ಲಿ ಅವಳೂ ಇದ್ದಳಂತೆ. ಹುಡುಗ ಬಾಯಿ ತೆರೆದುಕೊಂಡು ಕೂತಿದ್ದ, ದನಿ ಬರುತ್ತಿರಲಿಲ್ಲ. ಎದೆಯ ಮೇಲೆ ಕೈ ಇಟ್ಟುಕೊಂಡ. ಹೆದರಿದ್ದಾನೆ ಎಂದು ಯಾರೋ ನೀರು ಕುಡಿಸಿದರು, ಯಾರೋ ಬೆನ್ನು ಸವರಿದರು. ಆಮೇಲೆ ಊರಿನ ಹಿರಿಯ ಮುದ್ದಪ್ಪ ಕೇಳಿದರು, ಹಾಲಿನ ರಾಮಾಂಜೀನೇನಪ್ಪಾ ಅಂತ. ಹುಡುಗನ ಕತ್ತು ಕೆಳಗೆ ಬಿತ್ತು. ನಡೆದದ್ದು ಅಷ್ಟೇ.

‘ನೀವು ಇದ್ನೇ ಓದ್ಕಂಡಿರೋರು. ಆ ಹುಡ್ಗ ಹೂಂ ಅಂದಂಗಾ, ಸುಸ್ತಾಗಿ ತಲೆ ಇಳಿಸ್ದಂಗಾ? ನೀವೇ ಹೇಳಿ ಮೇಡಂ.’

ನಾನು ನೋಡಿಲ್ಲ, ಹೇಗೆ ಹೇಳಲಿ ಅಂದೆ. ಅವಳು ಎದ್ದು ಹೋದಳು. ಮಗುವಿನ ಕೈಯಲ್ಲಿದ್ದ ಬಿಸ್ಕತ್ತು ಬಿದ್ದಿತ್ತು, ಎತ್ತಿಕೊಡಲೂ ಹೊಳೆಯಲಿಲ್ಲ.

ಸುಳ್ಳು ಹೇಳಿದೆ. ನನಗೆ ಗೊತ್ತಿತ್ತು. ಶನಿವಾರ ಹುಳುಮನೆಯಲ್ಲಿ ನನ್ನೆದುರಿಗೂ ಅವನು ಅದನ್ನೇ ಮಾಡಿದ್ದ. ಕೇಳಿದ್ದಕ್ಕೆಲ್ಲ ತಲೆ.

ನವೆಂಬರ್ 11, ಮಂಗಳವಾರ

ಗೈಡ್ ಮೇಡಂಗೆ ಫೋನ್ ಮಾಡಿದೆ. ಊರಿನ ಕಥೆ ಹೇಳಲಿಲ್ಲ, ಇಂಟರ್‌ವ್ಯೂ ಬಗ್ಗೆ ಮಾತ್ರ. ನಾನು ಹಿಂದೆ ಕಳಿಸಿದ್ದ ಕಿರಣ್‌ನ ರೆಕಾರ್ಡಿಂಗನ್ನು ಅವರು ಕೇಳಿದ್ದರಂತೆ. ಹೇಮಾ, ಇದರಲ್ಲಿ ಮಾತಾಡಿರೋದು ಯಾರು ಅಂತ ಕೇಳಿದರು. ಹುಡುಗ ಬಾಯಿ ತೆರೆಯುತ್ತಾನೆ, ನೀನು ಪದ ಇಡುತ್ತೀಯ. ಅವನು ಹೂಂ ಅನ್ನುತ್ತಾನೆ, ನೀನು ಮುಂದಕ್ಕೆ ಹೋಗುತ್ತೀಯ. ಯಾರ ಐಡೆಂಟಿಟಿ ಬರೀತಿದ್ದೀಯಮ್ಮ, ನಿಂದಾ?

ಮೈಯೆಲ್ಲ ಉರಿಯಿತು. ಬೈಸಿಕೊಂಡಿದ್ದಕ್ಕಲ್ಲ, ಅವರು ಹೇಳಿದ್ದು ನಿಜವಾದದ್ದಕ್ಕೆ. ರೆಕಾರ್ಡಿಂಗ್ ಹಾಕಿ ನಾನೂ ಮತ್ತೆ ಕೇಳಿದೆ. ಅಡಿಗಡಿಗೆ ನನ್ನದೇ ದನಿ. ‘ಭಯವಾ? ನಾಚಿಕೆಯಾ? ಕೋಪವಾ?’ ತರಕಾರಿ ಮಾರುವವಳ ಹಾಗೆ ಒಂದೊಂದೇ ಪದ ಎತ್ತಿ ತೋರಿಸಿದ್ದೇನೆ. ಅವನು ಯಾವುದೋ ಒಂದನ್ನು ತೆಗೆದುಕೊಂಡು ತಪ್ಪಿಸಿಕೊಂಡಿದ್ದಾನೆ. ನನಗೂ ಆ ಮುದ್ದಪ್ಪನಿಗೂ ಏನು ವ್ಯತ್ಯಾಸ? ನನಗೆ ಡಿಗ್ರಿ ಇದೆ, ಅಷ್ಟೇ.

ಈಗ ತೊಂದರೆ ಏನೆಂದರೆ, ಕಿರಣ್‌ನನ್ನು ಹೌದಾ ಅಲ್ಲವಾ ಎಂದು ಕೇಳುವ ಹಾಗೇ ಇಲ್ಲ. ರಾಮಾಂಜಿನೇಯ ಅಲ್ಲ ತಾನೇ ಅಂದರೆ ಅದಕ್ಕೂ ತಲೆ ಆಡಿಸುತ್ತಾನೆ. ಆ ತಲೆಯಾಟಕ್ಕೆ ಬೆಲೆ ಇಲ್ಲ. ಒಂದೇ ದಾರಿ. ಕೇಳಿ, ಬಾಯಿ ಮುಚ್ಚಿಕೊಂಡು ಕೂರಬೇಕು. ನನ್ನ ಕೈಲಾಗದ ಕೆಲಸ ಅದೊಂದೇ.

ನವೆಂಬರ್ 13, ಗುರುವಾರ. ಸಂಜೆ

ಬಂದ. ಅಪ್ಪನಿಗೆ ಹೇಳದೆ, ಕಾಲೇಜಿನಿಂದ ನೇರವಾಗಿ. ರೆಕಾರ್ಡರ್ ಇಡಲಿಲ್ಲ. ಅವತ್ತು ಏನಾಯಿತು ಎಂದು ಕೇಳಿದೆ. ಆಮೇಲೆ ಬಾಯಿ ಮುಚ್ಚಿದೆ.

ಹಿಂದೂಪುರದ ಬಸ್ಸು ಹಾರ್ನ್ ಹೊಡೆದು ಹೋಯಿತು. ಪಕ್ಕದ ಸ್ಕೂಲಿನ ಗಂಟೆ ಹೊಡೆಯಿತು. ಅವನ ಬಾಯಿ ತೆರೆದೇ ಇತ್ತು. ನನ್ನ ನಾಲಿಗೆ ಕಚ್ಚಿ ಹಿಡಿದುಕೊಂಡಿದ್ದೆ, ಈಗಲೂ ಉರಿಯುತ್ತಿದೆ. ಒಂದು ಗಳಿಗೆ ‘ಹೆದರಿದ್ಯಾ’ ಎಂದು ಕೇಳಿಬಿಡುವವಳಿದ್ದೆ. ಸೀರೆಯ ಸೆರಗು ಬಾಯಿಗೆ ಒತ್ತಿಕೊಂಡೆ. ಅವನಿಗೆ ನಗು ಬಂತು. ಆ ನಗುವಿನ ಹಿಂದೆಯೇ ಮಾತು ಬಂತು.

‘ಗಾಡಿ ನಾ... ನಾನೇ ಓಡಿಸ್ತಿದ್ದೆ ಮೇಡಂ.’

ಸೆರಗನ್ನು ಬಾಯಿಂದ ತೆಗೆಯಲಿಲ್ಲ. ಉಳಿದದ್ದನ್ನು ತುಂಡು ತುಂಡಾಗಿ ಹೇಳಿದ. ಅಪ್ಪನ ಬೈಕು. ಹಿಂದೆ ಹಿಪ್ಪುನೇರಳೆ ಸೊಪ್ಪಿನ ಹೊರೆ. ತಿರುವಿನಲ್ಲಿ ಮರಿಯನ್ನು ಹಿಡಿಯಲು ಜುಂಜಮ್ಮ ಅಡ್ಡ ಬಂದಳು. ಬೈಕು ಸೊಪ್ಪಿನ ಸಮೇತ ಜಾಲಿಪೊದೆಯೊಳಗೆ ನುಗ್ಗಿ ಮರೆಯಾಯಿತು, ಇವನು ಎದ್ದು ಅವಳ ಹತ್ತಿರ ಓಡಿದ. ಜನ ಬಂದರು. ಯಾರು ಮಾಡಿದ್ದು ಅಂತ ಕೇಳಿದರು. ತನ್ನ ಹೆಸರು ಹೇಳಲು ಹೋದ. ಉಗ್ಗುವವರಿಗೆಲ್ಲ ಅತಿ ಕಷ್ಟದ ಪದ ತಮ್ಮ ಹೆಸರೇ, ಅದಕ್ಕೆ ಬದಲಿ ಪದ ಇಲ್ಲವಲ್ಲ. ಗಂಟಲು ಕಟ್ಟಿತು. ಎದೆಯ ಮೇಲೆ ಕೈ ಇಟ್ಟು ತೋರಿಸಿದ, ನಾನೇ ಅಂತ.

ಅವರು ನೀರು ಕುಡಿಸಿದರು.

ಮುದ್ದಪ್ಪ ಹೆಸರು ಹೇಳಿದಾಗ ಕತ್ತು ತಾನಾಗಿಯೇ ಬಿತ್ತಂತೆ. ಬಿದ್ದ ತಕ್ಷಣ ಉಸಿರು ಬಂತಂತೆ. ಅಷ್ಟರಲ್ಲಿ ಜನ ರಾಮಾಂಜಿನೇಯನ ಮನೆ ಕಡೆ ಓಡಿದ್ದರು. ಅಂದೇ ಅಪ್ಪನಿಗೆ ಎಲ್ಲ ಹೇಳಿದ. ಅಪ್ಪ ಕತ್ತಲಾದ ಮೇಲೆ ಪೊದೆಯಿಂದ ಬೈಕ್ ತೆಗೆಸಿದರು. ‘ದೇವ್ರೇ ನಿನ್ನ ಗಂಟ್ಲು ಕಟ್ಟವ್ನೆ, ಸುಮ್ನಿರು’ ಅಂದರು. ಗುದ್ದಿದವರನ್ನು ನೋಡಿಯೇ ಇರದ ಜುಂಜಮ್ಮ ಆಸ್ಪತ್ರೆಯಲ್ಲಿ ಬಂದವರಿಗೆಲ್ಲ ಇವನ ಗುಣಗಾನ ಮಾಡುತ್ತಿದ್ದಾಳಂತೆ, ಆ ಹುಡುಗ ನನ್ನ ತಲೆ ಹಿಡಿದುಕೊಂಡಿದ್ದ ಅಂತ. ಕಿರಣ್ ಅತ್ತದ್ದು ಅದನ್ನು ಹೇಳುವಾಗ ಮಾತ್ರ.

ಕೊನೆಗೆ ಒಂದು ಕೇಳಿದ. ಇಷ್ಟು ತಿಂಗಳು ಬಂದರೂ ಥೆರಪಿ ಬೇಕು ಎಂದು ಒಮ್ಮೆಯೂ ಕೇಳಿದವನಲ್ಲ.

‘ನನ್ನ ಹೆಸ್ರು ಹೇಳೋದು ಕ... ಕಲ್ಸಿ. ನಾನೇ ಹೇಳ್ಬೇಕು.’

ನವೆಂಬರ್ 14, ಶುಕ್ರವಾರ

ಮೊದಲ ದಿನವೇ ಈ ಮಕ್ಕಳಿಗೆಲ್ಲ ಮಾತು ಕೊಟ್ಟಿದ್ದೇನೆ, ಇಲ್ಲಿ ಹೇಳಿದ್ದು ಈ ಗೋಡೆ ದಾಟುವುದಿಲ್ಲ ಅಂತ. ಕೊಡುವಾಗ ಎಷ್ಟು ಸಲೀಸಾಗಿತ್ತು. ಗೋಡೆಯ ಆಚೆ ಒಬ್ಬ ಗಂಡಸಿನ ಕೆಲಸ ಹೋಗಿದೆ, ದಿನಾ ಸ್ಟೇಷನ್‌ಗೆ ಅಲೆಯುತ್ತಿದ್ದಾನೆ.

ಕಿರಣ್‌ಗೆ ಹೇಳಿದ್ದೇನೆ — ನಾನಾಗಿ ಯಾರಿಗೂ ಹೇಳುವುದಿಲ್ಲ, ಆದರೆ ನೀನು ತಡ ಮಾಡುವ ಹಾಗಿಲ್ಲ. ಒಪ್ಪಿದ್ದಾನೆ. ಕಾಲೇಜು ಬಿಟ್ಟ ಮೇಲೆ ದಿನಾ ಬರುತ್ತಾನೆ.

ಸರಾಗವಾಗಿ ಮಾತಾಡುವುದನ್ನು ಕಲಿಸುತ್ತಿಲ್ಲ, ಅದಕ್ಕೆ ಟೈಮ್ ಇಲ್ಲ. ಸಿಕ್ಕಿಕೊಂಡಾಗ ಅಲ್ಲೇ ನಿಲ್ಲುವುದನ್ನು ಕಲಿಸುತ್ತಿದ್ದೇನೆ. ತಲೆ ಆಡಿಸಿ ಓಡಿಹೋಗದೆ ಇರುವುದನ್ನು. ಊರಿನವರ ಪಾರ್ಟು ನನ್ನದು — ಅವನು ಬಾಯಿ ತೆರೆದ ಕೂಡಲೇ ನಾನು ಯಾವುದೋ ಹೆಸರು ಎಸೆಯುತ್ತೇನೆ, ಅವನು ಹೂಂ ಅಂತ ತಲೆ ಆಡಿಸಬಾರದು. ಅಡ್ಡಬಾಯಿ ಹಾಕುವುದು ನನಗೆ ಚೆನ್ನಾಗಿ ಒಗ್ಗಿದ ಕೆಲಸ. ಇವತ್ತು ಪ್ರತಿ ಸಲವೂ ಸೋತ. ಒಂದು ಸಲವೂ ಎದ್ದು ಹೋಗಲಿಲ್ಲ.

ನವೆಂಬರ್ 16, ಭಾನುವಾರ. ರಾಯದುರ್ಗ

ನಿನ್ನೆ ಕಲ್ಯಾಣದುರ್ಗದಲ್ಲಿ ಬಸ್ ಬದಲಿಸಿ ಊರಿಗೆ ಬಂದೆ. ಅವ್ವ ಕೂಲಿಗೆ ತಂದ ಜೀನ್ಸ್ ಪ್ಯಾಂಟುಗಳ ಉಳಿಕೆ ದಾರ ಕತ್ತರಿಸುತ್ತಾ ಕೂತಿದ್ದಳು, ಸುತ್ತ ನೀಲಿ ಗುಡ್ಡೆ. ಪಕ್ಕದ ಮನೆಯ ಹೊಲಿಗೆ ಮಷೀನು ಭಾನುವಾರವೂ ನಿಲ್ಲುವುದಿಲ್ಲ. ಎರಡು ದಿನದಿಂದ ನಾನು ಸರಿಯಾಗಿ ಉಂಡಿಲ್ಲ ಎಂದು ನೋಡಿದ ತಕ್ಷಣ ಗೊತ್ತುಮಾಡಿಕೊಂಡಳು.

ಹೆಸರು, ಊರು ಬಿಟ್ಟು ಹೇಳಿದೆ. ಒಬ್ಬ ಹುಡುಗ ದೊಡ್ಡ ಮಾತೊಂದನ್ನು ಹೇಳಬೇಕು, ಹೇಳಿದರೆ ಅವನಿಗೇ ಕಷ್ಟ ಅಂತ. ಅವ್ವ ಕತ್ತರಿ ಕೆಳಗಿಟ್ಟಳು.

‘ಅಂವ ಹೇಳತೀನಿ ಅಂದಾನಲ್ಲ, ನೀ ಯಾಕ ಹೆದರತಿ? ಅಂವಗ ಆಗಲಿಕ್ಕಿಲ್ಲ ಅಂತ ನಿನಗ ಅನಸೇತಿ. ಅದನ್ನ ಮುಖದ ಮ್ಯಾಗ ತೋರಿಸಬ್ಯಾಡ.’

ನನ್ನ ಅವ್ವ ಚಿನ್ನಕ್ಕನಿಂದ ಮುಚ್ಚಿಡುವುದು ಯಾವತ್ತೂ ಆಗಿಲ್ಲ. ಅನಿಸಿದೆ. ಅವನಿಗೆ ಆಗಲಿಕ್ಕಿಲ್ಲ ಅಂತಲೇ ಅನಿಸಿದೆ.

ನವೆಂಬರ್ 18, ಮಂಗಳವಾರ

ಗಂಗಾಧರಪ್ಪ, ಸರ್ವಮಂಗಳಮ್ಮ ಇಬ್ಬರೂ ಬಂದಿದ್ದರು. ಹುಡುಗ ನನಗೆ ಹೇಳಿದ್ದಾನೆ ಎಂದು ಗೊತ್ತಾಗಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಕೈ ಮುಗಿದರು. ಅದೇ ಕೆಟ್ಟದ್ದು.

ಅವರಿಗೆ ಬೇಕಾದದ್ದು ಒಂದು ಸರ್ಟಿಫಿಕೇಟು. ಈ ಹುಡುಗನ ಮಾತನ್ನು ನಂಬುವ ಹಾಗಿಲ್ಲ, ಅವನು ತಲೆ ಆಡಿಸಿದರೆ ಅದಕ್ಕೆ ಅರ್ಥವಿಲ್ಲ, ಇವನಿಂದ ಸಾಕ್ಷಿ ಹೇಳಲಾಗುವುದಿಲ್ಲ ಅಂತ. ಹಿಂದೂಪುರದ ಲಾಯರು ಹೇಳಿಕೊಟ್ಟಿದ್ದಾರೆ ಅಂದರು ಗಂಗಾಧರಪ್ಪ.

‘ಸಾಕ್ಷೀನೇ ಬಿದ್ದೋದ್ರೆ ರಾಮಾಂಜೀನೂ ಕೇಸಿಂದ ಆಚಿಗ್ ಬತ್ತಾನೆ, ನಮ್ಮುಡ್ಗಾನೂ ಉಳ್ಕಂತಾನೆ. ಯಾರಿಗೆ ನಷ್ಟ ಹೇಳಿ ಮೇಡಂ?’

ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ನಾಗವೇಣಿಯ ಗಂಡ ಕೇಸಿನಿಂದ ಪಾರಾಗುತ್ತಾನೆ. ಕಿರಣ್ ಕಾಲೇಜಿಗೆ ಹೋಗುತ್ತಾನೆ. ನಾನು ಬರೆಯಬೇಕಾದ್ದರಲ್ಲಿ ಪೂರ್ತಿ ಸುಳ್ಳೂ ಇಲ್ಲ, ಆ ತಲೆಯಾಟಕ್ಕೆ ನಿಜಕ್ಕೂ ಅರ್ಥವಿರಲಿಲ್ಲವಲ್ಲ.

ಸರ್ವಮಂಗಳಮ್ಮ ಬಾಗಿಲ ಕಡೆ ಹೊರಟರು. ಮಗ ಚಿಕ್ಕವನಿದ್ದಾಗಿನಿಂದ ಮಾತು ತಿಳಿಯಾಗಲೆಂದು ದಿನಾ ಬಜೆ ತೇಯ್ದು ನಾಲಿಗೆಗೆ ಹಚ್ಚಿದವರು. ಹೊಸಿಲು ದಾಟುವಾಗ, ಯಾರನ್ನೂ ನೋಡದೆ ಹೇಳಿದರು.

‘ನನ್ನ ಮಗನ ಮಾತು ಲೆಕ್ಕಕ್ಕಿಲ್ಲ ಅಂತ ಬರ್ಸಾಕೆ ನಾವೇ ಬಂದ್ವಲ್ಲ.’

ನವೆಂಬರ್ 20, ಗುರುವಾರ

ಬರೆದೆ. ಬೆಳಿಗ್ಗೆ ಟೈಪ್ ಮಾಡಿ, ಸೀಲು ಹಾಕಿ, ಸಹಿ ಮಾಡಿದೆ. ಟೈಪ್ ಮಾಡುವಾಗ ಒಂದು ಅಕ್ಷರವೂ ತಪ್ಪಲಿಲ್ಲ, ಅದಕ್ಕೇ ಹೆದರಿಕೆಯಾಯಿತು.

ಸಂಜೆ ಕಿರಣ್ ಬಂದಾಗ ಅವನ ಕೈಗೆ ಕೊಟ್ಟೆ. ಅವನಿಗೆ ತೋರಿಸದೆ ಕೊಡಬಾರದು ಅನ್ನುವಷ್ಟು ಮಾನ ಉಳಿದಿತ್ತು. ಓದಿದ. ಮತ್ತೊಮ್ಮೆ ಓದಿದ. ಆಮೇಲೆ ಕಿಟಕಿಯ ಕಡೆ ತಿರುಗಿ ಶುರು ಮಾಡಿದ. ಕಾದೆ.

‘ಇದು ಕೊಟ್ರೆ... ಮುಂದೆ ನಾನು ಏ... ಏನ್ ಹೇಳಿದ್ರೂ ಸುಳ್ಳಾ?’

ಸುಳ್ಳು ಅಂತಲ್ಲ, ಅದನ್ನು ಪರಿಗಣಿಸುವುದಿಲ್ಲ ಅಂದೆ. ನನ್ನ ದನಿ ನನಗೇ ಆಫೀಸಿನದ್ದು ಅನಿಸಿತು.

‘ಎರ್ಡೂ ಒಂದೇ’ ಅಂದ.

ಜಗಳವಾಡಲಿಲ್ಲ. ಪೇಪರನ್ನು ನೀಟಾಗಿ ಮಡಿಸಿ ವಾಪಸ್ ಕೊಟ್ಟ. ಹೆಸರಿನ ಅಭ್ಯಾಸ ಮಾಡೋಣ ಅಂದ. ಇವತ್ತು ನಾನು ಎಸೆದ ಯಾವ ಹೆಸರಿಗೂ ಕತ್ತು ಬೀಳಿಸಲಿಲ್ಲ. ತನ್ನ ಹೆಸರೂ ಬರಲಿಲ್ಲ, ಅದು ಬೇರೆ ಮಾತು. ನಿಂತ. ಬೆವೆತ. ನಿಂತೇ ಇದ್ದ.

ಪೇಪರ್ ನನ್ನ ಬ್ಯಾಗಿನಲ್ಲಿದೆ. ಹರಿದು ಹಾಕಲು ಧೈರ್ಯವಿಲ್ಲ, ಕೊಡಲು ಮನಸ್ಸಿಲ್ಲ.

ನವೆಂಬರ್ 24, ಸೋಮವಾರ

ಜುಂಜಮ್ಮ ಶನಿವಾರ ಹೋದಳು.

ಕೇಸು ಬದಲಾಯಿತು. ರಾಮಾಂಜಿನೇಯನನ್ನು ಅರೆಸ್ಟ್ ಮಾಡಿ ರಿಮಾಂಡ್‌ಗೆ ಕಳಿಸಿದ್ದಾರೆ. ಮೂರು ದಿನದಿಂದ ನಾನು ಇದರಲ್ಲಿ ಏನೂ ಬರೆದಿಲ್ಲ.

ನಾಗವೇಣಿ ಬೆಳಿಗ್ಗೆ ಸೆಂಟರ್ ಗೇಟಿನ ಹತ್ತಿರ ನಿಂತಿದ್ದಳು. ಒಳಗೆ ಬರಲಿಲ್ಲ. ಅವಳಿಗೂ ನನಗೂ ನಡುವೆ ಇದ್ದದ್ದು ಒಂದೇ ಮಾತು. ಗೇಟಿನವರೆಗೆ ಹೋದೆ. ಅವಳ ಮಗುವಿನ ತಲೆ ನೇವರಿಸಿ ವಾಪಸ್ ಬಂದೆ. ನನ್ನ ಮೇಲೆ ನನಗೆ ಹೇಸಿಗೆಯಾಗುತ್ತಿದೆ. ಬುಧವಾರದವರೆಗೆ ಕಾಯುತ್ತೇನೆ. ಅವನು ಹೇಳದಿದ್ದರೆ ನಾನೇ ಹೇಳುತ್ತೇನೆ. ಕೊಟ್ಟ ಮಾತೂ ಬೇಡ, ಥೀಸಿಸ್ಸೂ ಬೇಡ. ಇದನ್ನು ಕಿರಣ್‌ಗೂ ಹೇಳಿಬಿಟ್ಟೆ.

ಬುಧವಾರ ಯಾಕೆಂದರೆ, ಹುಡುಗನ ಹೇಳಿಕೆಯನ್ನು ಸ್ಟೇಷನ್‌ನಲ್ಲಿ ಹೊಸದಾಗಿ ಬರೆದುಕೊಳ್ಳುತ್ತಾರಂತೆ. ಗಂಗಾಧರಪ್ಪ ಫೋನ್ ಮಾಡಿದ್ದರು. ಈ ಸಲ ಕೈಮುಗಿಯುವ ದನಿ ಇಲ್ಲ. ಸರ್ಟಿಫಿಕೇಟ್ ತಗೊಂಡು ಬನ್ನಿ, ಇಲ್ಲವಾದರೆ ಇವತ್ತೇ ಅವನನ್ನು ಪಾವಗಡಕ್ಕೆ ಅವರತ್ತೆ ಮನೆಗೆ ಸಾಗಿಸುತ್ತೇನೆ ಅಂದರು. ತರುತ್ತೇನೆ ಅಂದೆ. ತರುತ್ತೇನೆ ಅಂದರೆ ಕೊಡುತ್ತೇನೆ ಅಂತಲ್ಲ, ಆದರೆ ಅದನ್ನು ಬಿಡಿಸಿ ಹೇಳಲಿಲ್ಲ.

ಮಧ್ಯಾಹ್ನ ಕಿರಣ್‌ಗೆ ಎಲ್ಲ ತಿಳಿಸಿದೆ. ಮೊದಲಾಗಿದ್ದರೆ ಮೂಳೆ ಮುರಿದ ಕೇಸು, ಈಗ ಸಾವಿನ ಕೇಸು. ವಯಸ್ಸು ಹದಿನಾರು, ಲೈಸೆನ್ಸ್ ಇಲ್ಲ, ಅಪ್ಪನ ಮೇಲೂ ಬರುತ್ತದೆ. ಹೇಳಲೇಬೇಕೆಂದು ನಾನು ದೂಡುತ್ತಿಲ್ಲ, ಗೊತ್ತಿರಲಿ ಅಂತ ಹೇಳುತ್ತಿದ್ದೇನೆ ಅಂದೆ. ಬ್ಯಾಗ್ ಎತ್ತಿಕೊಂಡು ಹೋದ.

ಈಗ ತಾನೇ ಅವನಿಂದ ವಾಯ್ಸ್ ಮೆಸೇಜ್ ಬಂತು. ಇವನು ಫೋನಿನಲ್ಲಿ ದನಿ ಕಳಿಸಿದ್ದು ಇದೇ ಮೊದಲು. ಮುಕ್ಕಾಲು ಭಾಗ ಬರೀ ಉಸಿರು, ಹಿಂದೆ ಹುಳು ಸೊಪ್ಪು ತಿನ್ನುವ ಸದ್ದು. ಕೊನೆಯಲ್ಲಿ ‘ಬತ್ತೀನಿ. ನೀವು ಹೇ... ಹೇಳ್ಬೇಡಿ.’

ನವೆಂಬರ್ 26, ಬುಧವಾರ. ಸ್ಟೇಷನ್ ಹೊರಗಿನ ಬೆಂಚು

ನನ್ನನ್ನು ಹೊರಗೆ ಕೂರಿಸಿದ್ದಾರೆ. ಅಕ್ಷರ ಸೊಟ್ಟಗಾಗುತ್ತಿದೆ. ಸುಮ್ಮನೆ ಕೂತರೆ ಏನಾದರೂ ಕೂಗಿಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಒಳಗೆ ಮೊದಲು ಎಲ್ಲರೂ ಇದ್ದೆವು. ಎಸ್‌ಐ, ಬರೆದುಕೊಳ್ಳುವ ರೈಟರ್, ಗಂಗಾಧರಪ್ಪ, ಮುದ್ದಪ್ಪ, ನಾನು. ನಾಗವೇಣಿ ಬಾಗಿಲ ಬಳಿ. ಎಸ್‌ಐ ಕದಿರಿ ಕಡೆಯವರು, ಕನ್ನಡಕ್ಕೆ ತೆಲುಗು ಬೆರೆಸಿ ಮಾತಾಡುತ್ತಾರೆ. ಕೆಟ್ಟವರಲ್ಲ, ಅವಸರದವರು. ಅವತ್ತು ಬೈಕ್ ಓಡಿಸುತ್ತಿದ್ದವನು ಯಾರು, ನಿನ್ನ ಬಾಯಲ್ಲೇ ಹೇಳು ಅಂದರು.

ಕಿರಣ್ ಬಾಯಿ ತೆರೆದ. ಗಂಟಲು ಕಟ್ಟಿತು.

ರೈಟರ್ ಪೆನ್ನು ಎತ್ತಿ ಹಿಡಿದಿದ್ದ. ಫ್ಯಾನ್ ತಿರುಗುತ್ತಿತ್ತು. ಮುದ್ದಪ್ಪ ತಡೆಯಲಾರದೆ, ಆವತ್ತೇ ರಾಮಾಂಜಿ ಅಂತ ಹೇಳವ್ನಲ್ಲ ಸಾರ್ ಅಂದರು. ಕಿರಣ್‌ನ ಕತ್ತು ನೋಡಿದೆ. ಬೀಳಲಿಲ್ಲ. ನರ ಉಬ್ಬಿತ್ತು, ಕಣ್ಣಲ್ಲಿ ನೀರಿತ್ತು, ಕತ್ತು ನೆಟ್ಟಗಿತ್ತು. ಗಂಗಾಧರಪ್ಪ ಎದ್ದು ನಿಂತರು. ಅವನ ಕೈಲಾಗಲ್ಲ ಸಾರ್, ಮೇಡಂ ಸರ್ಟಿಫಿಕೇಟ್ ತಂದವ್ರೆ ಅಂದರು. ಎಲ್ಲರೂ ನನ್ನ ಕಡೆ ತಿರುಗಿದರು. ಬ್ಯಾಗು ನನ್ನ ತೊಡೆಯ ಮೇಲಿತ್ತು. ಜಿಪ್ಪಿನ ಮೇಲೆ ಕೈ ಇತ್ತು.

‘ಅವನು ಇನ್ನೂ ಮುಗಿಸಿಲ್ಲರಿ’ ಅಂದೆ.

ಇವತ್ತು ನಾನಾಡಿದ್ದು ಅದೊಂದೇ ಮಾತು. ಆಮೇಲೆ ಕಾದೆವು. ಎಸ್‌ಐ ಕೂಡ ಕಾದರು, ಯಾಕೋ ಗೊತ್ತಿಲ್ಲ. ನಾಗವೇಣಿಯ ಮಗು ಏನೋ ಕೇಳಿತು, ಅವಳು ಅದರ ಬಾಯಿ ಮುಚ್ಚಿದಳು. ಕಿರಣ್ ಉಸಿರು ಬಿಟ್ಟ, ಮತ್ತೆ ಎಳೆದುಕೊಂಡ, ಮತ್ತೆ ಸಿಕ್ಕಿಕೊಂಡ. ಅಲ್ಲೇ ನಿಂತ. ಓಡಲಿಲ್ಲ.

‘ಕ್... ಕ್... ಕಿರಣ್ ಕುಮಾರ್’ ಅಂದ. ಜೋರಾಗಿ. ಇಡೀ ರೂಮಿಗೆ ಕೇಳುವಂತೆ.

ಎಸ್‌ಐ ಕುರ್ಚಿಗೆ ಒರಗಿದರು. ‘ನಿನ್ನ ಪೇರು ಗೊತ್ತು ಬಾಬು. ನಾನು ಕೇಳ್ತಿರೋದು ಗಾಡಿ ಓಡಿಸ್ತಿದ್ದೋನ ಪೇರು.’

ಯಾರೋ ನಕ್ಕರು. ಅದೇ ಸಾರ್, ಅವನು ಅದನ್ನೇ ಹೇಳಿದ್ದು ಸಾರ್ — ಮಾತು ನನ್ನ ಹಲ್ಲಿನವರೆಗೆ ಬಂದಿತ್ತು. ನುಂಗಿದೆ. ದೇವರಾಣೆ, ನನ್ನ ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿಲ್ಲ.

ಕಿರಣ್ ತಂದೆಯನ್ನು ನೋಡಿದ. ಆಮೇಲೆ ಬಾಗಿಲ ಕಡೆ, ನಾಗವೇಣಿಯನ್ನು.

‘ಅದೇ ಸಾರ್’ ಅಂದ. ‘ಅದೇ ಹೆ... ಹೆಸ್ರು.’

ನಗುತ್ತಿದ್ದವರು ನಿಲ್ಲಿಸಿದರು. ರೈಟರ್ ಎಸ್‌ಐ ಮುಖ ನೋಡಿದ, ಬರೆಯಲಾ ಬೇಡವಾ ಅನ್ನುವ ಹಾಗೆ. ಗಂಗಾಧರಪ್ಪ ಗೋಡೆ ಹಿಡಿದು ಕುಸಿದು ಕೂತರು. ನಾಗವೇಣಿ ಒಂದು ಹೆಜ್ಜೆ ಒಳಗಿಟ್ಟಳು. ಎಸ್‌ಐ ರೈಟರನ್ನೂ ಅಪ್ಪ-ಮಗನನ್ನೂ ಬಿಟ್ಟು ಎಲ್ಲರನ್ನೂ ಹೊರಗೆ ಕಳಿಸಿದರು.

ಅದಾಗಿ ಎಷ್ಟೋ ಹೊತ್ತಾಯಿತು. ಬಾಗಿಲು ಅರ್ಧ ಮುಚ್ಚಿದೆ. ಮುದ್ದಪ್ಪ ಬೇವಿನ ಮರದ ಕೆಳಗೆ ಒಬ್ಬರೇ ನಿಂತಿದ್ದಾರೆ, ಯಾರ ಮುಖವನ್ನೂ ನೋಡುತ್ತಿಲ್ಲ. ನಾಗವೇಣಿ ನನ್ನ ಪಕ್ಕದಲ್ಲೇ ಬೆಂಚಿನ ಮೇಲೆ ಕೂತಿದ್ದಾಳೆ. ಅವಳಿಗೆ ಈಗ ಗೊತ್ತು, ನನಗೆ ಮೊದಲೇ ಗೊತ್ತಿತ್ತು ಅಂತ.

ಒಳಗೆ ಎಸ್‌ಐ ದನಿ — ಏನು ಅಂತ ತಿಳಿಯುತ್ತಿಲ್ಲ. ಆಮೇಲೆ ಮೌನ. ಉದ್ದ ಮೌನ. ಆಮೇಲೆ ಅವನ ದನಿ, ತುಂಡು ತುಂಡಾಗಿ. ಮತ್ತೆ ಮೌನ. ಯಾರೂ ಮಧ್ಯೆ ಬಾಯಿ ಹಾಕುತ್ತಿಲ್ಲ. ತಿರುವಿನವರೆಗೆ ಬಂದಿದ್ದಾನೆ, ಈಗ ಜುಂಜಮ್ಮನ ಹೆಸರು ಬಂತು, ಈಗ ಅವನು —